ಟನ್ನಿಗೆ ಎಷ್ಟು, ಮಾವ?

ದಾವಣಗೆರೆಯ ಎಪಿಎಂಸಿ ಯಾರ್ಡಿಗೆ ಹತ್ತಿರದ ಒಂದು ಟ್ರಾನ್ಸ್‌ಪೋರ್ಟ್ ಆಫೀಸು. ಮೆಕ್ಕೆಜೋಳದ ಸುಗ್ಗಿ. ಮೇಜಿನ ಆಚೆ ಕೂತವರು ವರ್ಷಗಟ್ಟಲೆ ಲಾರಿ ಓಡಿಸಿ, ಅದನ್ನು ಮಾರಿ, ಈಗ ಬೇರೆಯವರ ಲಾರಿಗಳಿಗೆ ಲೋಡು ಕೊಡಿಸುವ ಏಜೆಂಟರು. ಈಚೆ ಕೂತವನು ಅವರ ಅಕ್ಕನ ಮಗ. ಸಂಬಳಕ್ಕೆ ಗಾಡಿ ಓಡಿಸುತ್ತಿದ್ದವನು ಈಗ ಹಳೆಯ ಹತ್ತು ಚಕ್ರದ ಲಾರಿಯೊಂದನ್ನು ಸಾಲದ ಮೇಲೆ ಕೊಂಡಿದ್ದಾನೆ.

ಅಳಿಯ: ಮಾವ, ಬಾಡಿಗೆ ಮಾತಾಡೋದು ಹೇಗೆ ಅಂತ ಹೇಳಿಕೊಡಿ. ಓಡಿಸೋದು ಬರ್ತೈತೆ, ಮಾತಾಡೋದು ಬರಲ್ಲ. ಸಂಬಳಕ್ಕಿದ್ದಾಗ ಮಾಲೀಕರೇ ಎಲ್ಲ ಮುಗಿಸಿರೋರು, ನಾನು ಎಲ್‌ಆರ್, ಅಂದ್ರೆ ಮಾಲಿನ ರಸೀದಿ, ತಗೊಂಡು ಹೊರಡೋದಷ್ಟೇ.

ಮಾವ: ದಲ್ಲಾಳಿ ಹತ್ರ ಚೌಕಾಸಿ ಮಾಡೋದನ್ನ ದಲ್ಲಾಳಿ ಹತ್ರಾನೇ ಕೇಳ್ತೀಯಲ್ಲೋ!

ಅಳಿಯ: ಇನ್ಯಾರನ್ನ ಕೇಳಲಿ? ಡ್ರೈವರುಗಳನ್ನ ಕೇಳಿದ್ರೆ ಬ್ರೋಕರುಗಳೆಲ್ಲ ಕಳ್ಳರು ಅಂತಾರೆ. ಇದ್ರೂ ಇರ್ಬಹುದು. ಆದ್ರೆ ಅದನ್ನ ತಿಳ್ಕೊಂಡ್ರೆ ನನಗೆ ಟನ್ನಿಗೆ ಹತ್ತು ರೂಪಾಯಿನೂ ಜಾಸ್ತಿ ಸಿಗಲ್ಲ.

ಮಾವ: ಸರಿ, ನೋಡೋಣ. ನಾಮಕ್ಕಲ್‌ಗೆ ಮೆಕ್ಕೆಜೋಳ ಐತೆ. ಅದು ಕೋಳಿ ಫಾರಂಗಳ ಊರು, ನಮ್ಮ ಕಡೆ ಜೋಳ ಅಲ್ಲಿ ಕೋಳಿ ಆಹಾರಕ್ಕೆ ಹೋಗ್ತೈತೆ. ಟನ್ನಿಗೆ 1,500. ಏನಂತೀಯ?

ಅಳಿಯ: 1,700 ಮಾಡಿ ಅಂತೀನಿ.

ಮಾವ: ಯಾಕೆ 1,700?

ಅಳಿಯ: ಇನ್ನೂರು ಮೇಲೆ ಕೇಳಿದ್ರೆ ನೂರಕ್ಕಾದ್ರೂ ಬರ್ತೀರಲ್ಲ.

ಮಾವ: ನಾನು 1,300 ಅಂದಿದ್ರೆ?

ಅಳಿಯ: 1,500 ಕೇಳ್ತಿದ್ದೆ.

ಮಾವ: ನೋಡಿದ್ಯಾ? ನಾನು ಹೇಳಿದ ರೇಟಿನ ಮೇಲೆ ನಿನ್ನ ರೇಟು ಕಟ್ತಾ ಇದ್ದೀಯ. ನಿನ್ನ ಗಾಡಿಗೆ ಎಷ್ಟು ಬೇಕು ಅನ್ನೋದು ನಿನಗೇ ಗೊತ್ತಿಲ್ಲ, ಇನ್ನು ನಾನೆಷ್ಟು ಕೊಟ್ರೇನು? ಹೇಳು, ನಾಮಕ್ಕಲ್‌ಗೆ ಖರ್ಚೆಷ್ಟು?

ಅಳಿಯ: ಡೀಸೆಲ್ ಹನ್ನೆರಡು ಸಾವಿರ, ಟೋಲು ಎರಡೂವರೆ ಸಾವಿರ, ಊಟ ಗೀಟ...

ಮಾವ: ಅದು ಹೋಗೋ ಖರ್ಚು. ಗಾಡಿ ಅಲ್ಲೇ ಬಿಟ್ಟು ಬರ್ತೀಯಾ? ಪೆನ್ನು ತಗೋ, ಬರ್ಕೋ. ಇಲ್ಲಿಂದ ನಾಮಕ್ಕಲ್ 520 ಕಿಲೋಮೀಟರ್ ಆಸುಪಾಸು. ಲೋಡಲ್ಲಿ ಲೀಟರಿಗೆ ನಾಲ್ಕು ಕೊಟ್ರೆ 130 ಲೀಟರ್. ಬರೋವಾಗ ಖಾಲಿ, ಐದೂವರೆ ಕೊಟ್ರೂ 95 ಲೀಟರ್. ಲೀಟರಿಗೆ 91 ಹಿಡಿ, ಎರಡೂ ಸೇರಿ 20,500. ಟೋಲು ಗುಯಿಲಾಳು, ಅತ್ತಿಬೆಲೆ, ಕೃಷ್ಣಗಿರಿ, ತೊಪ್ಪೂರು ಅಂತ ಹೋಗ್ತಾನೇ ಇರ್ತೈತೆ, ಹೋಗಿ ಬರೋದಕ್ಕೆ 5,000. ನಿನಗೂ ಕ್ಲೀನರಿಗೂ ಊಟ, ಬಾಟಾ 4,500. ಇಲ್ಲಿಗೆ ಎಲ್ಲ ಡ್ರೈವರುಗಳೂ ಲೆಕ್ಕ ನಿಲ್ಲಿಸ್ತಾರೆ. ನೀನು ನಿಲ್ಲಿಸ್ಬೇಡ. ಟೈರು ಸವೆಯೋದು ಕಿಲೋಮೀಟರಿಗೆ ಮೂರು ರೂಪಾಯಿ, ಆಯಿಲ್ಲು ಗ್ರೀಸಿಗೆ ಒಂದು. ಅದು 4,200. ಕಂತು ಎಷ್ಟು?

ಅಳಿಯ: 42,000.

ಮಾವ: ವಿಮೆ, ಟ್ಯಾಕ್ಸು, ಎಫ್‌ಸಿ, ವರ್ಷಕ್ಕೆ 16,500ರ ನ್ಯಾಷನಲ್ ಪರ್ಮಿಟ್ಟು, ಎಲ್ಲಾನೂ ತಿಂಗಳಿಗೆ ಹಂಚಿದ್ರೆ ಇನ್ನೊಂದು 12,000 ಆಗ್ತೈತೆ. ಒಟ್ಟು 54,000. ಅಂದ್ರೆ ಗಾಡಿ ಓಡಲಿ, ನಿಂತಿರಲಿ, ದಿನಕ್ಕೆ 1,800. ಲೋಡಿಂಗು, ಅನ್‌ಲೋಡಿಂಗು, ಕಾಯೋದು ಎಲ್ಲ ಸೇರಿ ಆರು ದಿನ ಅಂದ್ರೆ 10,800. ಕೂಡು.

ಅಳಿಯ: 45,000.

ಮಾವ: ನೀನು ಹಾಕೋದು 18 ಟನ್. 1,500ಕ್ಕೆ 27,000. ನಿನ್ನ 1,700ಕ್ಕೆ 30,600. ನೀನು ಕೇಳಿದಷ್ಟೇ ನಾನು ಕೊಟ್ರೂ, ಖಾಲಿ ವಾಪಸ್ ಬಂದ್ರೆ ಕೈಯಿಂದ 14,400 ಹೋಗ್ತೈತೆ.

ಅಳಿಯ: ಹಂಗಾದ್ರೆ ಚೌಕಾಸಿ ಇರೋದು ಇಲ್ಲಲ್ಲ, ವಾಪಸ್ ಲೋಡಲ್ಲಿ.

ಮಾವ: ಅದೂ ನಾಮಕ್ಕಲ್ಲಲ್ಲಿ! ಆ ಸೀಮೆಯಲ್ಲಿ ಮನೆಮನೆಗೂ ಲಾರಿ. ಬಾಡಿ ಕಟ್ಟೋರು, ಟ್ಯಾಂಕರಿನೋರು, ಬೋರ್‌ವೆಲ್ ರಿಗ್ಗಿನೋರು ಎಲ್ಲ ಅಲ್ಲೇ. ಅಲ್ಲಿ ನಿಂತು ಲೋಡು ಕೇಳೋದು ಅಂದ್ರೆ ಮಾವಿನ ತೋಪಿನಲ್ಲಿ ಬುಟ್ಟಿ ಇಟ್ಕೊಂಡು ಹಣ್ಣು ಮಾರಿದ ಹಾಗೆ. ಅದಕ್ಕೇ ಹೇಳೋದು, ಅನ್‌ಲೋಡ್ ಆದ್ಮೇಲೆ ಫೋನ್ ಮಾಡೋಕೆ ಶುರು ಮಾಡ್ಬೇಡ. ಇಲ್ಲಿ ಬಾಡಿಗೆಗೆ ಒಪ್ಪೋ ಮುಂಚೇನೇ ಸೇಲಂ, ಕರೂರು, ಈರೋಡು ಕಡೆ ಕೇಳು. ದಾವಣಗೆರೆಗೇ ನೇರ ಬೇಕು ಅಂತ ಕೂರಬೇಡ. ಸೇಲಂನಿಂದ ಬೆಂಗಳೂರಿಗೆ ಒಂದು, ನೆಲಮಂಗಲದಿಂದ ಇತ್ಲಾಗೆ ಇನ್ನೊಂದು, ಎರಡು ತುಂಡಾದ್ರೂ ಆಗಲಿ.

(ಫೋನ್ ಬಡಿದುಕೊಳ್ಳುತ್ತದೆ. ಮಾವ ಎತ್ತುತ್ತಾರೆ. ಕೇಳುವುದು ಈ ಕಡೆಯ ಮಾತು ಮಾತ್ರ.)

ಮಾವ: ಹೇಳಪ್ಪ. ಎಲ್ಲಿದ್ದೀಯ?... ಬೈಪಾಸಲ್ಲಾ. ಯಾವಾಗಿಂದ?... ನಿನ್ನೆ ಬೆಳಿಗ್ಗೆಯಿಂದಾನಾ! ಊರು ಯಾವುದು?... ಸೇಲಂ ಹತ್ರಾನಾ. ಹಂಗಾದ್ರೆ ನಿಮ್ಮ ಕಡೇದೇ ಐತೆ, ನಾಮಕ್ಕಲ್ಲು. ಆದ್ರೆ ರೇಟು ಬಿದ್ದೈತಪ್ಪ ಇವತ್ತು, 1,400... ಇಲ್ಲಪ್ಪ, ಪಾರ್ಟಿ ಮೇಲೆ ಬರ್ತಿಲ್ಲ... ಆಯ್ತು, ನಿನಗೋಸ್ಕರ ಇನ್ನೊಂದ್ಸಲ ಕೇಳಿ ನೋಡ್ತೀನಿ. ಐದು ನಿಮಿಷ ಬಿಟ್ಟು ಮಾಡು.

ಅಳಿಯ: ಪಾರ್ಟಿಗೆ, ಆ ಮಾಲಿನೋರಿಗೆ, ಫೋನ್ ಮಾಡಲ್ವಾ?

ಮಾವ: ಮಾಡೋದೇನೈತೆ? ರೇಟು ಬೆಳಿಗ್ಗೇನೇ ಹೇಳಿದಾರೆ.

ಅಳಿಯ: ನನಗೆ 1,500 ಅಂದ್ರಿ, ಅವನಿಗೆ 1,400.

ಮಾವ: ನಾನು ಕೇಳಿದ್ದು ಮೂರು ಮಾತು. ಎಲ್ಲಿದ್ದೀಯ, ಯಾವಾಗಿಂದ, ಯಾವೂರು. ಮೂರಕ್ಕೂ ಅವನು ನಿಜ ಹೇಳಿದ. ಎರಡು ದಿನದಿಂದ ಖಾಲಿ ನಿಂತಿದ್ದಾನೆ, ಊರಿಗೆ ಹೋಗ್ಬೇಕು. ಮನೆ ಕಡೆ ಹೋಗೋ ಗಾಡಿ ಎಲ್ಲ ಊರಲ್ಲೂ ಕಡಿಮೆಗೆ ಹೋಗ್ತೈತೆ. ನಾಳಿದ್ದು ನಾಮಕ್ಕಲ್ಲಲ್ಲಿ ನೀನೂ ಹಿಂಗೇ ಫೋನ್ ಮಾಡ್ತೀಯ, ಅಲ್ಲಿಯ ಏಜೆಂಟ ನಿನಗೂ ಇದೇ ಮೂರು ಮಾತು ಕೇಳ್ತಾನೆ.

ಅಳಿಯ: ಸುಳ್ಳು ಹೇಳ್ಬೇಕಾ ಹಂಗಾದ್ರೆ?

ಮಾವ: ಸುಳ್ಳು ಬೇಡ, ಸಿಕ್ಕಿಬೀಳ್ತೀಯ. ಫಾಸ್ಟ್ಯಾಗ್ ಮೆಸೇಜು ನೋಡಿ ಗಾಡಿ ಯಾವ ಟೋಲ್ ಯಾವಾಗ ದಾಟಿತು ಅಂತ ಕೇಳೋರೂ ಇದ್ದಾರೆ. ನೀನೇ ಮೊದಲು ಕೇಳು. ಎಷ್ಟು ಟನ್, ಚೀಲವೋ ಲೂಸೋ, ಯಾವ ಮಿಲ್ಲು, ಅಲ್ಲಿ ಎಷ್ಟು ಗಾಡಿ ನಿಂತಾವೆ, ಇಳಿಸೋ ಹಮಾಲಿ ಯಾರದು. ಕೇಳ್ತಾ ಇರೋನು ಅವಸರದಲ್ಲಿರೋನ ಹಾಗೆ ಕಾಣಲ್ಲ. ಎದುರಿನೋನು ಉತ್ತರ ಹೇಳ್ತಾ ಹೇಳ್ತಾ ತನ್ನ ಅವಸರ ತಾನೇ ಬಿಟ್ಕೊಡ್ತಾನೆ. ಜೋಳದ ಪಾರ್ಟಿಗೂ ಅವಸರ ಇರ್ತೈತೆ ಕಣೋ. ಕಣದಲ್ಲಿ ಜೋಳ ಹರವಿರ್ತಾರೆ, ಮೋಡ ಕಟ್ಟಿದ್ರೆ ಸಾಕು, ಬೆಳಿಗ್ಗೆ ಒಂದು ರೇಟು, ಸಂಜೆ ಒಂದು ರೇಟು. ಅದೇ ಹೊತ್ತಿಗೆ ಗಂಗಾವತಿ ಕಡೆ ಭತ್ತದ ಕುಯ್ಲು, ಬೆಳಗಾವಿ ಕಡೆ ಸಕ್ಕರೆ ಕಾರ್ಖಾನೆ ಶುರು. ಗಾಡಿ ಸಿಗಲ್ಲ. ಜುಲೈ ಮಳೆಯಲ್ಲಿ ನಾನು ಹೇಳಿದ್ದೇ ರೇಟು, ನವೆಂಬರಿನಲ್ಲಿ ನೀನು ಒಂದಿಷ್ಟು ಹೇಳ್ಬಹುದು. ಇನ್ನು ಮಾರ್ಚ್ ಕೊನೇ ವಾರ, ಕಂಪನಿಗಳು ವರ್ಷದ ಲೆಕ್ಕಕ್ಕೆ ಮಾಲು ಹೊರಗೆ ಹಾಕೋಕೆ ಒದ್ದಾಡ್ತಿರ್ತಾವೆ.

ಅಳಿಯ: ಪಾರ್ಟಿನ ಕೇಳ್ತೀನಿ ಅಂತ ಆ ಡ್ರೈವರಿಗೆ ಹೇಳಿ, ಕೇಳ್ಲಿಲ್ಲ ನೀವು. ಅದು ಮೋಸ ಅಲ್ವಾ ಮಾವ?

ಮಾವ: ತೂಕದಲ್ಲಿ ಹೊಡೆಯೋದು ಮೋಸ. ಬಾಡಿಗೆಯ ಬ್ಯಾಲೆನ್ಸ್ ಕೊಡದೇ ತಿರುಗಾಡಿಸೋದು ಮೋಸ. ಇದು ವ್ಯಾಪಾರ.

(ಅಳಿಯ ಒಪ್ಪಿದ ಹಾಗೆ ಕಾಣಲಿಲ್ಲ. ಬರೆಯುತ್ತಿರುವವನಿಗೂ ಒಪ್ಪಿಗೆಯಿಲ್ಲ. ಮಾವ ಟೀ ತರಿಸಿದರು.)

ಅಳಿಯ: ಇನ್ನೊಂದು ಕಡೆ ಲೋಡು ಕೇಳಿದ್ದೆ. ಆ ಏಜೆಂಟ ಹೇಳಿದ, ರೇಟು ಏರಲ್ಲ, ಮೂರು ಟನ್ ಜಾಸ್ತಿ ಹಾಕಿಸ್ಕೋ, ಬಾಡಿಗೆ ಹೊಂದ್ಕೋತೈತೆ ಅಂತ.

ಮಾವ: ಎಲ್ಲರೂ ಹೇಳೋದೇ. ನಾನೂ ಹೇಳ್ತೀನಿ. ಮೂರು ಟನ್ನಿಗೆ ನಿನಗೆ 4,500 ಸಿಗ್ತೈತೆ. ಹಿಡಿದ್ರೆ 2019ರ ಸೆಪ್ಟೆಂಬರಿನಿಂದ ದಂಡ 20,000, ಅದರ ಮೇಲೆ ಹೆಚ್ಚಿರೋ ಒಂದೊಂದು ಟನ್ನಿಗೂ 2,000. 26,000 ಆಯ್ತು, ಹೆಚ್ಚಿನ ಮಾಲು ರಸ್ತೆಯಲ್ಲೇ ಇಳಿಸು ಅಂತಾರೆ ಬೇರೆ. ಹಾಕಿಸಿದೋನ ಮೇಲೂ ಕೇಸು ಮಾಡ್ಬಹುದು ಅಂತ ಕಾನೂನಲ್ಲೈತೆ. ಚೆಕ್‌ಪೋಸ್ಟಲ್ಲಿ ನಿಂತಿರೋದು ಮಾತ್ರ ನೀನು. ಇನ್ನೂ ಒಂದು ವಿಷಯ. 2018ರಲ್ಲಿ ಹತ್ತು ಚಕ್ರದ ಗಾಡಿಗೆ ಒಟ್ಟು ತೂಕ 25 ಟನ್ ಇದ್ದದ್ದನ್ನ 28.5 ಮಾಡಿದ್ರು. ನಾವೆಲ್ಲ ಖುಷಿಪಟ್ವಿ, ಜಾಸ್ತಿ ಹಾಕ್ಬಹುದು ಅಂತ. ಆಗಿದ್ದೇನು? ಲಾರಿಗಳು ಜಾಸ್ತಿ ಹೊರೋ ಹಾಗಾಯ್ತು, ಮಾಲು ಮೊದಲಿನಷ್ಟೇ ಇತ್ತು. ಬಾಡಿಗೆ ಕುಸೀತು. ಓವರ್‌ಲೋಡು ಕಾನೂನಿನ ಒಳಗಿದ್ರೂ ಅಷ್ಟೇ, ಹೊರಗಿದ್ರೂ ಅಷ್ಟೇ. ಎಲ್ಲರೂ ಹೊತ್ತರೆ ರೇಟಿಗೇ ಪೆಟ್ಟು.

ಅಳಿಯ: ಇದನ್ನೆಲ್ಲ ಸಂಘದೋರು ಮಾತಾಡ್ಬಾರ್ದಾ? 2025ರ ಏಪ್ರಿಲಿನಲ್ಲಿ ಡೀಸೆಲ್‌ಗೆ ಎರಡು ರೂಪಾಯಿ ಏರಿಸಿದ್ರು ಅಂತ ರಾಜ್ಯದಾದ್ಯಂತ ಮುಷ್ಕರ ಮಾಡಿದ್ರಲ್ಲ. ಬಾಡಿಗೆಗೆ ಯಾಕೆ ಮಾಡಲ್ಲ?

ಮಾವ: ಡೀಸೆಲ್ ತೆರಿಗೆ ಸರ್ಕಾರದ್ದು, ಎದುರಿಗೆ ಒಬ್ಬ ಇದ್ದಾನೆ. ಬಾಡಿಗೆ ಯಾರದ್ದು? ಆ ಮುಷ್ಕರ ಮಾಡಿದ ಒಕ್ಕೂಟದ ಹೆಸರೇ ಲಾರಿ ಮಾಲೀಕರ ಮತ್ತು ಏಜೆಂಟರ ಸಂಘಗಳ ಒಕ್ಕೂಟ. ಕೊಡೋನೂ ತಗೊಳ್ಳೋನೂ ಒಂದೇ ಚಪ್ಪರದ ಕೆಳಗೆ. ಮೋಟಾರು ವಾಹನ ಕಾಯಿದೆಯಲ್ಲಿ ಸರಕು ಸಾಗಣೆಗೂ ರಾಜ್ಯ ಸರ್ಕಾರ ದರ ಗೊತ್ತು ಮಾಡ್ಬಹುದು ಅಂತ ಐತೆ. ಆಟೋಗೆ ಮೀಟರ್ ಬಂತು, ನಮಗೆ ಬರಲಿಲ್ಲ. 2017ರಿಂದ ಡೀಸೆಲ್ ರೇಟು ದಿನಾ ಬದಲಾಗಬಹುದು, ಬಾಡಿಗೆ ಅದರ ಹಿಂದೆ ಓಡಲ್ಲ. ಅದನ್ನ ಬಿಡು. ನೀನು ಬರೀ ರೇಟು ರೇಟು ಅಂತಿದ್ದೀಯ, ದುಡ್ಡು ಸೋರೋದು ಬೇರೆ ಕಡೆ.

ಅಳಿಯ: ಎಲ್ಲಿ?

ಮಾವ: ಶಾರ್ಟೇಜು. ಇಲ್ಲಿ ತುಂಬೋವಾಗ ಜೋಳದಲ್ಲಿ ತೇವ ಇರ್ತೈತೆ, ಎರಡು ದಿನ ಬಿಸಿಲಲ್ಲಿ ಓಡಿದ್ರೆ ಒಣಗ್ತೈತೆ. ಅಲ್ಲಿಯ ಕಾಟಾದಲ್ಲಿ ನೂರು ಕೆಜಿ ಕಡಿಮೆ ತೋರಿಸ್ತು ಅಂತಿಟ್ಕೋ. ಒಂದು ಕೆಜಿ ಸಾಗಿಸಿದ್ದಕ್ಕೆ ನಿನಗೆ ಒಂದೂವರೆ ರೂಪಾಯಿ. ಕಡಿಮೆ ಬಿದ್ದ ಕೆಜಿಗೆ ಅವರು ಹಿಡಿಯೋದು ಜೋಳದ ರೇಟು, ಇಪ್ಪತ್ತೆರಡೋ ಇಪ್ಪತ್ಮೂರೋ. ನೀನು ಒಂದು ಕಾಳೂ ಮುಟ್ಟಿಲ್ಲ, ಎರಡು ಸಾವಿರ ಹೋಯ್ತು. ನಿನ್ನ ಚೌಕಾಸಿಯ ನೂರು ರೂಪಾಯಿ ಟನ್ನಿಗೆ ಹೆಚ್ಚಿಸಿದ್ರೆ ಬರೋದೇ 1,800.

ಅಳಿಯ: ಅದಕ್ಕೆ?

ಮಾವ: ತುಂಬೋ ಮುಂಚೆ ಕೇಳು, ಎಷ್ಟು ಕೆಜಿವರೆಗೆ ಬಿಡ್ತೀರ ಅಂತ. ಐವತ್ತೋ ಎಂಬತ್ತೋ, ಒಂದು ಮಾತಾಗಲಿ. ಎಲ್‌ಆರ್ ಮೇಲೆ ಬರೆಸು. ಇಲ್ಲಿಯ ಕಾಟಾ ಚೀಟಿ ನಿನ್ನ ಹತ್ರ ಒಂದಿರಲಿ. ಆಮೇಲೆ ಹಾಲ್ಟಿಂಗು. ಮಿಲ್ಲಿನ ಗೇಟಲ್ಲಿ ಮೂರು ದಿನ ನಿಲ್ಲಿಸಿದ್ರೆ ನಿನ್ನ 5,400 ಹೋಯ್ತು, ಯಾರೂ ಕೇಳಲ್ಲ. ಅವರು ಹಾಲ್ಟಿಂಗ್ ಐನೂರು ಕೊಡ್ತೀವಿ ಅಂದ್ರೆ ನೀನು ಹೂಂ ಅಂತೀಯ, ಯಾಕಂದ್ರೆ ದಿನಕ್ಕೆಷ್ಟು ಅಂತ ಇವತ್ತಿನವರೆಗೆ ಲೆಕ್ಕ ಹಾಕಿರ್ಲಿಲ್ಲ. ಅಡ್ವಾನ್ಸ್ ಎಷ್ಟು, ಬ್ಯಾಂಕಿಗೋ ಡೀಸೆಲ್ ಚೀಟಿಗೋ. ಚೀಟಿ ಅಂದ್ರೆ ನಾನು ಹೇಳಿದ ಬಂಕಲ್ಲೇ ಹಾಕಿಸ್ಬೇಕು, ಬಂಕಿನೋನ ಹತ್ರ ನನ್ನ ಲೆಕ್ಕ ಬೇರೆ ಇರ್ತೈತೆ.

ಅಳಿಯ: ಅದಕ್ಕೂ ಕಮಿಷನ್ನಾ?

ಮಾವ: ಟೀ ಕುಡಿ. ಒಂದು ಗುಟ್ಟು ಹೇಳ್ತೀನಿ. ರೇಟು ಏರಿಸ್ಬೇಕಂದ್ರೆ ನಾನು ಪಾರ್ಟಿ ಹತ್ರ ಕಿತ್ತಾಡ್ಬೇಕು, ಇಲ್ಲಾ ನನ್ನ ಪಾಲು ಬಿಡ್ಬೇಕು. ಎರಡೂ ಕಷ್ಟ. ಆದ್ರೆ ಅಡ್ವಾನ್ಸ್ ಎಂಬತ್ತರ ಬದಲು ತೊಂಬತ್ತು ಪರ್ಸೆಂಟ್ ಕೊಡೋದು, ಬ್ಯಾಲೆನ್ಸು ಸೀಲ್ ಹಾಕಿದ ಎಲ್‌ಆರ್ ಫೋಟೋ ನೋಡಿ ಮೂರು ದಿನದಲ್ಲಿ ಹಾಕೋದು, ಇವೆಲ್ಲ ನನ್ನ ಡ್ರಾಯರಿನಲ್ಲಿರೋದು. ಕೇಳಿದೋನಿಗೆ ಕೊಡ್ತೀನಿ. ಹೆಚ್ಚಿನೋರು ಕೇಳಲ್ಲ. ಇಪ್ಪತ್ತು ರೂಪಾಯಿ ರೇಟಿಗೆ ಅರ್ಧ ಗಂಟೆ ಜಗಳ ಆಡಿ, ಬ್ಯಾಲೆನ್ಸ್ ಯಾವಾಗ ಅಂತ ಕೇಳದೇ ಹೋಗ್ತಾರೆ.

ಅಳಿಯ: ಟಿಡಿಎಸ್ ಅಂತ ಒಂದು ಪರ್ಸೆಂಟ್ ಹಿಡೀತಾರಂತಲ್ಲ?

ಮಾವ: ಹತ್ತು ಅಥವಾ ಅದಕ್ಕಿಂತ ಕಡಿಮೆ ಗಾಡಿ ಇರೋನು ಪ್ಯಾನ್ ನಂಬರಿನ ಜೊತೆ ಒಂದು ಘೋಷಣೆ ಬರೆದುಕೊಟ್ರೆ ಹಿಡಿಯೋ ಹಾಗಿಲ್ಲ. ಒಂದೇ ಹಾಳೆ. ಜೆರಾಕ್ಸ್ ಹತ್ತು ಕಾಪಿ ಮಾಡಿ ಗಾಡಿಯಲ್ಲಿಟ್ಕೋ.

ಅಳಿಯ: ಇನ್ನೊಂದು ಕೇಳ್ತೀನಿ, ಬೇಜಾರಾಗ್ಬೇಡಿ. ಪಾರ್ಟಿ ಎಷ್ಟು ಕೊಡ್ತಾನೆ, ನಮಗೆ ಎಷ್ಟು ಬರ್ತೈತೆ?

ಮಾವ: ಎಷ್ಟು ಕೈ ದಾಟಿ ಬಂತು ಅನ್ನೋದ್ರ ಮೇಲೆ. ಪಾರ್ಟಿ ದೊಡ್ಡ ಟ್ರಾನ್ಸ್‌ಪೋರ್ಟಿನೋನಿಗೆ ಕೊಟ್ಟ, ಅವನು ನನಗೆ ಕೊಟ್ಟ, ನಾನು ವಾಟ್ಸಾಪ್ ಗ್ರೂಪಿಗೆ ಹಾಕಿದೆ, ಅಲ್ಲಿಂದ ಇನ್ನೊಬ್ಬ ಎತ್ಕೊಂಡು ನಿನಗೆ ಫೋನ್ ಮಾಡಿದ. ಒಬ್ಬೊಬ್ಬನೂ ಟನ್ನಿಗೆ ಐವತ್ತು ಮುರ್ಕೊಂಡ್ರೂ ನಿನ್ನ ಹತ್ರ ಬರೋ ಹೊತ್ತಿಗೆ ಏನುಳೀತು? ಒಂದೇ ಲೋಡು ಐದಾರು ಗ್ರೂಪಲ್ಲಿ ಓಡಾಡ್ತಿರ್ತೈತೆ, ಲೋಡು ಬೇಕಾದಷ್ಟೈತೆ ಅಂತ ನೀನು ಅಂದ್ಕೋತೀಯ. ನೀನೂ ಐದಾರು ಜನರಿಗೆ ಫೋನ್ ಮಾಡಿರ್ತೀಯ, ಗಾಡಿ ಬೇಕಾದಷ್ಟಾವೆ ಅಂತ ನಾವು ಅಂದ್ಕೋತೀವಿ. ಬೆಂಗಳೂರಿನ ಬ್ಲ್ಯಾಕ್‌ಬಕ್ ತರದ ಆಪುಗಳು ಬಂದಾಗ ನಮ್ಮ ಅಂಗಡಿ ಮುಚ್ತು ಅಂದ್ರು. ಈಗ ನಾವೂ ಅದರಲ್ಲಿ ಲೋಡು ಹಾಕ್ತೀವಿ. ಅದಕ್ಕೇ ಯಾರು ಫೋನ್ ಮಾಡಿದ್ರೂ ಒಂದು ಕೇಳು, ಎಲ್‌ಆರ್ ಯಾರ ಹೆಸರಿನದು? ಅವನದ್ದೇ ಅಂದ್ರೆ ನೀನು ಮೊದಲನೇ ಕೈಯಲ್ಲಿದ್ದೀಯ. ಸುಮ್ಮನಾದ್ರೆ ಮೇಲೆ ಇನ್ನೊಬ್ಬ ಇದ್ದಾನೆ.

ಅಳಿಯ: ಇಷ್ಟು ಕೈಗಳು ಯಾಕೆ ಬೇಕು? ನೇರ ಪಾರ್ಟಿ ಹತ್ರಾನೇ ಹೋದ್ರೆ?

ಮಾವ: ಹೋಗು. ಬಾಡಿಗೆ ಯಾವಾಗ ಕೊಡ್ತೀರ ಅಂತ ಕೇಳು. ಮಾಲು ಮುಟ್ಟಿ ಬಿಲ್ ಹಾಕಿ ಒಂದೂವರೆ ತಿಂಗಳು ಅಂತಾನೆ. ನಿನ್ನ ಟ್ಯಾಂಕಿಗೆ ಇವತ್ತು ಡೀಸೆಲ್ ಹಾಕೋದು ಯಾರು? ನಿನಗೆ ಇವತ್ತು ಕೊಡೋ ಅಡ್ವಾನ್ಸ್ ನನ್ನ ದುಡ್ಡು ಕಣೋ, ಅದಕ್ಕೆ ನಾನೂ ಬಡ್ಡಿ ಕಟ್ತೀನಿ. ತೊಪ್ಪೂರು ಘಾಟಲ್ಲಿ ಗಾಡಿ ಕೆಟ್ಟು ನಿಂತ್ರೆ ರಾತ್ರೋರಾತ್ರಿ ಇನ್ನೊಂದು ಗಾಡಿಗೆ ಮಾಲು ಹೊರಿಸೋದು ನಾನು. ಮಾಲು ಸಮೇತ ಡ್ರೈವರ್ ನಾಪತ್ತೆಯಾದ್ರೆ ಪಾರ್ಟಿ ಹಿಡ್ಕೊಳ್ಳೋದು ನನ್ನ ಕುತ್ತಿಗೆ. 2007ರ ರಸ್ತೆ ಸಾಗಣೆ ಕಾಯಿದೆಯಲ್ಲಿ ಬ್ರೋಕರನ್ನೂ ಸಾಗಣೆದಾರ ಅಂತಾನೇ ಸೇರಿಸಿದಾರೆ. ರಿಜಿಸ್ಟ್ರೇಷನ್ ಬೇಕು, ಜವಾಬ್ದಾರಿನೂ ಐತೆ.

ಅಳಿಯ: ನೀವು ಮಾಡ್ಸಿದ್ದೀರಾ?

ಮಾವ: ಏನು?

ಅಳಿಯ: ರಿಜಿಸ್ಟ್ರೇಷನ್.

ಮಾವ: ...ಅರ್ಜಿ ಹಾಕ್ಬೇಕು. ಈಗ ನಿನ್ನ ವಿಷಯಕ್ಕೆ ಬಾ. ಲೋಡು ನಿಜವಾಗ್ಲೂ ಐತೆ, ತಮಾಷೆಗೆ ಹೇಳಿದ್ದಲ್ಲ. 1,500. ಹೋಗ್ತೀಯಾ?

ಅಳಿಯ: ಎಲ್‌ಆರ್ ಯಾರದು?

ಮಾವ: ನಂದೇ.

ಅಳಿಯ: ಮಿಲ್ಲಿನ ಮುಂದೆ ಎಷ್ಟು ಗಾಡಿ ನಿಂತಾವೆ?

ಮಾವ: ಗೊತ್ತಿಲ್ಲ. ವಿಚಾರಿಸ್ತೀನಿ.

ಅಳಿಯ: 18 ಟನ್, ಅದಕ್ಕಿಂತ ಒಂದು ಚೀಲ ಜಾಸ್ತಿ ಬೇಡ. 1,600 ಮಾಡಿ. ಇಳಿಸೋ ಹಮಾಲಿ ಪಾರ್ಟಿದು. ಎಂಬತ್ತು ಕೆಜಿವರೆಗೆ ಶಾರ್ಟೇಜ್ ಹಿಡಿಯಂಗಿಲ್ಲ. ಇಪ್ಪತ್ನಾಲ್ಕು ಗಂಟೆ ದಾಟಿದ್ರೆ ಹಾಲ್ಟಿಂಗ್ ದಿನಕ್ಕೆ 1,800.

ಮಾವ: 1,800 ಯಾವ ಪಾರ್ಟಿನೂ ಕೊಡಲ್ಲ ಕಣೋ. 1,000 ಬರೆಸ್ತೀನಿ. ಶಾರ್ಟೇಜ್ ಐವತ್ತು. ರೇಟು 1,550, ಅದರ ಮೇಲೆ ಒಂದು ರೂಪಾಯಿ ಇಲ್ಲ.

ಅಳಿಯ: ಅಡ್ವಾನ್ಸ್ ತೊಂಬತ್ತು, ಬ್ಯಾಂಕಿಗೆ.

ಮಾವ: ಬ್ಯಾಂಕಿಗೆ ಎಂಬತ್ತೈದು. ಕಮಿಷನ್ ಐನೂರು. ಅಕ್ಕನ ಮಗ ಅಂತ ಬಿಡಲ್ಲ.

ಅಳಿಯ: ಕೊಡ್ತೀನಿ. ಆದ್ರೆ ಈಗಲೇ ಹೂಂ ಅನ್ನಲ್ಲ. ವಾಪಸ್ ಲೋಡು ವಿಚಾರಿಸಿ ನಾಲ್ಕು ಗಂಟೆಗೆ ಹೇಳ್ತೀನಿ.

ಮಾವ: ನಾಲ್ಕು ಗಂಟೆಗೆ ಲೋಡು ಇದ್ರೆ ಇರ್ತೈತೆ, ಇಲ್ಲಾಂದ್ರೆ ಇಲ್ಲ.

ಅಳಿಯ: ಮೋಡ ಆಗೈತೆ ಮಾವ, ಇರ್ತೈತೆ. ಒಂದು ಸಹಾಯ ಮಾಡಿ. ಆಗಲೇ ಫೋನ್ ಮಾಡಿದ್ನಲ್ಲ, ಆ ಸೇಲಂ ಡ್ರೈವರು, ಅವನ ನಂಬರ್ ಕೊಡಿ. ಅವನ ಊರ ಕಡೆ ಬೆಂಗಳೂರಿಗೆ ಲೋಡು ಯಾರ ಹತ್ರ ಸಿಗ್ತೈತೆ ಅಂತ ಕೇಳ್ಕೋತೀನಿ.

ಮಾವ: ಕೊಟ್ರೆ ಇಲ್ಲಿಯ ರೇಟು ಅವನಿಗೆ ಹೇಳ್ತೀಯ.

ಅಳಿಯ: ಕೇಳಿದ್ರೆ ಹೇಳ್ತೀನಿ.

ಮಾವ: ಹಂಗಾದ್ರೆ ಅವನ ಗಾಡಿ ತುಂಬಿ ಹೊರಟ ಮೇಲೆ ಕೊಡ್ತೀನಿ.